ಕಣದ ಬಿಸಿಲು

ತುಮಕೂರು ಜಿಲ್ಲೆಯಲ್ಲಿ ನಿಂತುಕೊಂಡು "ಬಿಸಿಲೆಲ್ಲಿದೆ ಸಾರ್?" ಎಂದು ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. ಸೋಲಾರ್ ಪಂಪಿಗೆ ಜಾಗ ನೋಡಲು ಬಂದಿದ್ದ ಕಂಪನಿಯವರು ಅವರು. ಗುಬ್ಬಿ ಹತ್ತಿರದ ನಮ್ಮ ಒಂದೂವರೆ ಎಕರೆ ತೋಟದಲ್ಲಿ ತಲೆ ಎತ್ತಿದರೆ ಅವರಿಗೆ ಕಂಡದ್ದು ಬರೀ ತೆಂಗಿನ ಗರಿ.

ಪಂಪು ಬೇಕಾಗಿದ್ದುದು ಅವ್ವನ ಮಂಡಿಗಾಗಿ. ನಾನು ಬೆಳಿಗ್ಗೆಯೇ ಗುಬ್ಬಿಯ ನನ್ನ ಸೈಕಲ್ ಅಂಗಡಿಗೆ ಹೊರಟುಬಿಡುತ್ತಿದ್ದೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮೋಟರ್ ಹಾಕಲು ಅವ್ವ ಓಡುತ್ತಿದ್ದಳು. ಆಟೋ ಸ್ಟಾರ್ಟರ್ ನಂಬಿ ಒಮ್ಮೆ ಮೋಟರ್ ಸುಟ್ಟುಕೊಂಡ ಮೇಲೆ ಅವಳಿಗೆ ತನ್ನ ಕೈಯೊಂದರ ಮೇಲೆಯೇ ನಂಬಿಕೆ. ಹಾಗೆ ಓಡುವಾಗಲೇ ಬದುವಿನಲ್ಲಿ ಎಡವಿ ಬಿದ್ದು ಮಂಡಿ ಊದಿಸಿಕೊಂಡಿದ್ದಳು. ಕರೆಂಟಿಗೆ ಕಾಯದೆ ಬಿಸಿಲಿನಲ್ಲೇ ಓಡುವ ಪಂಪಿಗೆ ನಾನು ಅರ್ಜಿ ತಂದದ್ದು ಆಗಲೇ.

ತೋಟದಲ್ಲಿ ಬಿಸಿಲಿಲ್ಲದಂತೆ ಮಾಡಿದ್ದು ನನ್ನದೇ ಘನಕಾರ್ಯ. ಮೂರು ಹೆಜ್ಜೆ ಖಾಲಿ ಜಾಗ ಕಂಡರೆ ಒಂದು ಸಸಿ ನೆಟ್ಟುಬಿಡುವ ಚಟ ನನಗೆ. ಅದನ್ನು ಹತ್ತು ಜನರ ಮುಂದೆ ಹೇಳಿಕೊಂಡು ಬೀಗಿದ್ದೂ ಉಂಟು.

"ಎರಡು ಮರ ತೆಗೆದ್ರೆ ಆಗುತ್ತೆ" ಎಂದರು ಆತ. ಕಾಯಿ ಬಿಡುವ ತೆಂಗಿಗೆ ಕೊಡಲಿಯೇ! ನಾನು ವಾದಕ್ಕೆ ಹೋಗಲಿಲ್ಲ. ಅದೇ ಮರದ ಎಳನೀರು ಕೆತ್ತಿಕೊಟ್ಟೆ. ಕುಡಿದು, ಗಂಜಿ ಕೆರೆದು ತಿಂದು, ಬಾಯಿ ಒರೆಸಿಕೊಂಡವರು ಮತ್ತೆ ಆ ಮಾತೆತ್ತಲಿಲ್ಲ.

ಉಳಿದದ್ದು ಮನೆ ಮುಂದಿನ ಕಣ. ನಾವು ರಾಗಿ ಬೆಳೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಅವ್ವ ಮಾತ್ರ ಕಣಕ್ಕೆ ಸಗಣಿ ಸಾರಿಸುವುದನ್ನು ಬಿಟ್ಟಿಲ್ಲ. ಆತ ಅಲ್ಲಿ ಟೇಪು ಹಿಡಿದದ್ದೇ ತಡ, ಕುಂಟುತ್ತಾ ಬಂದಳು.

"ಕಣದಾಗೆ ಗುಂಡಿ ತೋಡುಸ್ತೀಯೇನ್ಲಾ?"

"ರಾಗಿನೇ ಇಲ್ಲ, ಕಣ ಯಾಕವ್ವ? ಎಲ್ಲಾ ನಿನ್ ಮಂಡಿಗೋಸ್ಕರ ಕಣವ್ವ."

ಆತ ಮೊಬೈಲಿನಲ್ಲಿ ಪ್ಯಾನೆಲ್ಲಿನ ಚಿತ್ರ ತೋರಿಸಿದರು. ಅವ್ವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇರೋ ಬಿಸ್ಲೆಲ್ಲ ಇದೇ ಕುಡ್ಕೊಂಡ್ರೆ ನಾನೆಲ್ಲಿ ಮಂಡಿ ಕಾಯಿಸ್ಕಳ್ಳಿ?"

ನಾನೇ ಟೇಪು ಸುತ್ತಿ ಆತನ ಕೈಗಿಟ್ಟೆ. ದಿನಾ ಬೆಳಿಗ್ಗೆ ಹರಳೆಣ್ಣೆ ಹಚ್ಚಿಕೊಂಡು ಅವಳು ಕಾಲು ಚಾಚಿ ಕೂರುವುದು ಆ ಕಣದಲ್ಲೇ. ನಾನು ಅವಳಿಗೆ ಉಳಿಸಿದ್ದ ಬಿಸಿಲೂ ಅಷ್ಟೇ. ನಿಜಕ್ಕೂ ನಾಚಿಕೆಯಾಯಿತು.

ಅರ್ಜಿ ಈಗಲೂ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಂತೆಯೇ ಇದೆ. ಈಗ ನಾನು ಅಂಗಡಿ ಬಾಗಿಲು ತೆಗೆಯುವುದು ಕರೆಂಟು ಬಂದು ನೀರು ಹಾಯಿಸಿದ ಮೇಲೆ. ಗಿರಾಕಿಗಳು ಬೈಯುತ್ತಾರೆ, ಬೈಯಲಿ. ಈ ಬೆಳಿಗ್ಗೆ ನಾನು ಪಂಚೆ ಎತ್ತಿ ಕಟ್ಟಿ ಮೋಟರಿನ ಕಡೆ ಓಡುತ್ತಿದ್ದರೆ, ಕಣದಲ್ಲಿ ಕಾಲು ಚಾಚಿ ಕೂತವಳು ಹಿಂದಿನಿಂದ ಕೂಗಿದಳು: "ಬದು ನೋಡ್ಕೊಂಡು ಓಡ್ಲಾ! ಇಬ್ರು ಕೂರೋಷ್ಟು ಬಿಸ್ಲಿಲ್ಲ ಇಲ್ಲಿ!"