ಹೊಸತೊಡಕಿನ ಗುಡ್ಡೆಗಳೂ ನಂಜಪ್ಪನ ಬೆನ್ನೂ

ನಂಜಪ್ಪನಿಗೆ ಊರಿನಲ್ಲಿ ಮರ್ಯಾದೆ ಬಂದದ್ದು ಮುಖದಿಂದಲ್ಲ, ಬೆನ್ನಿನಿಂದ. ಸಾಲಗಾಮೆ ದಾಟಿದ ಮೇಲೆ ಸಿಗುವ ನಮ್ಮೂರಿನಲ್ಲಿ ಯುಗಾದಿಯ ಮರುದಿನ, ಹೊಸತೊಡಕಿಗೆ, ಊರೊಟ್ಟಿನ ಕುರಿ ಕಡಿದು ಮುತ್ತುಗದೆಲೆಯ ಮೇಲೆ ಮನೆಗೊಂದು ಗುಡ್ಡೆ ಬಾಡು ಹಾಕುತ್ತಾರೆ. ಯಾವ ಗುಡ್ಡೆ ಯಾವ ಮನೆಗೆ ಎಂದು ಕಣ್ಣಿಂದ ನೋಡಿ ಹೇಳಿದವನು ಅಂದೇ ಸತ್ತಂತೆ. ಅದಕ್ಕೇ ಒಬ್ಬ ಗುಡ್ಡೆಗಳಿಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕೂರಬೇಕು. ಹಿಂದೆ ನಿಂತವನು ಒಂದು ಗುಡ್ಡೆಗೆ ಕೋಲು ಮುಟ್ಟಿಸಿ "ಯಾರ್ದು?" ಎಂದರೆ ಇವನು ಒಂದು ಮನೆಯ ಹೆಸರು ಕೂಗಬೇಕು. ಕೊನೆಗೆ ಉಳಿದ ಗುಡ್ಡೆ ಕೂಗಿದವನದು. ವರ್ಷವೆಲ್ಲ ಆಲೂಗಡ್ಡೆ ಅಗೆದು, ಹೆಂಡತಿ ಪುಟ್ಟತಾಯಮ್ಮನಿಂದ ಬೈಸಿಕೊಂಡು ಬದುಕುವ ನಂಜಪ್ಪ ಆ ಕಲ್ಲಿನ ಮೇಲೆ ಕೂತನೆಂದರೆ ಚಕ್ರವರ್ತಿ.

ಈ ಸಾಮ್ರಾಜ್ಯಕ್ಕೆ ಕಲ್ಲು ಹಾಕಿದವನು ಪಾಪಯ್ಯ. ಹೋದ ವರ್ಷ ಈಲಿ ತುಂಡು, ಅಂದರೆ ಇಡೀ ಕುರಿಯಲ್ಲಿ ಎಲ್ಲರ ಕಣ್ಣು ನೆಟ್ಟಿರುವ ಆ ಮೆತ್ತನೆಯ ಲಿವರ್, ನಂಜಪ್ಪನ ಭಾವನ ಮನೆಗೆ ಹೋಯಿತು. ನಂಜಪ್ಪನ ಬೆನ್ನಿಗೆ ಕಣ್ಣಿದೆ ಎಂದು ಪಾಪಯ್ಯ ಸಾರಿದ. ನಂಜಪ್ಪ ಆತನ ಮುಂದಿನ ಹಲ್ಲಿಗೆ ಸಮಾಧಾನ ಹೇಳಿದ. ಹಲ್ಲು ಬಿತ್ತು, ಮಾತು ಬೀಳಲಿಲ್ಲ.

ಈ ವರ್ಷ ಊರಿನ ತೀರ್ಮಾನವಾಯಿತು: ಬೆನ್ನು ಬೇಡ, ಯಂತ್ರ ಇರಲಿ. ಹೊಳೆನರಸೀಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನಮ್ಮೂರಿನ ಮೋಹನ್‌ಕುಮಾರ್ ತಾನೇ ಒಂದು ಆ್ಯಪ್ ಮಾಡಿದ್ದ. ಗುಡ್ಡೆಗಳ ಫೋಟೊ ತೆಗೆದರೆ ಅದು ಒಂದೊಂದು ಗುಡ್ಡೆಯ ಮೇಲೆ ಒಂದೊಂದು ಮನೆಯ ಹೆಸರು ಕೂರಿಸುತ್ತದೆ. ತಾಯಿಯ ಜಗುಲಿಯಲ್ಲಿ ಈರುಳ್ಳಿ ಗುಡ್ಡೆ ಹಾಕಿ ಫೋನಿನಲ್ಲಿ ಪರೀಕ್ಷಿಸಿದಾಗ ಬಂಗಾರದಂತೆ ನಡೆದಿತ್ತು. ಇದು ಗೆದ್ದರೆ ಕಲ್ಲು ನಾಳೆಯಿಂದ ಬಟ್ಟೆ ಒಗೆಯಲು ಎಂದು ನಂಜಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೊಸತೊಡಕಿನ ಬೆಳಿಗ್ಗೆ ಚನ್ನರಾಯಪಟ್ಟಣದಿಂದ ಸಾಣೆ ಹಿಡಿಸಿ ತಂದ ಮಚ್ಚುಗಳು ಕೆಲಸ ಮುಗಿಸಿದವು. ಹುಣಸೆಮರದ ಬುಡವೆಲ್ಲ ಕೆಂಪಾಯಿತು. ಊರಿನ ಗುಣ ಬಲ್ಲ ಪುಟ್ಟತಾಯಮ್ಮ ಮಚ್ಚುಗಳನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಮನೆಗೆ ನಡೆದಳು. ಅಂದು ಹೆಣ ಬೀಳದಿದ್ದರೆ ಅದು ಅವಳ ಪುಣ್ಯ.

ಎಲ್ಲರಿಗೂ ಕಾಣಲೆಂದು ಮೋಹನ್‌ಕುಮಾರ್ ಫೋನು ಬಿಟ್ಟು ಮಣೆಯಷ್ಟಗಲದ ಟ್ಯಾಬ್ ತಂದಿದ್ದ. ಅದರಲ್ಲೇ ಗುಡ್ಡೆಗಳ ಫೋಟೊ ತೆಗೆದು, ಮರಕ್ಕೆ ಒರಗಿಸಿ ಒತ್ತಿದ. ಫೋಟೊ ಹಿಗ್ಗಿ ಪರದೆ ತುಂಬ ಹರಡಿತು. ಹೆಸರುಗಳು ಹಿಗ್ಗಲಿಲ್ಲ. ಆ ಆ್ಯಪಿಗೆ ಗೊತ್ತಿದ್ದದ್ದು ಫೋನಿನ ಅಗಲ ಮಾತ್ರ. ಅಷ್ಟು ದೊಡ್ಡ ಬಯಲು ಬಿದ್ದಿದ್ದರೂ ಊರಿನ ಹೆಸರುಗಳೆಲ್ಲ ಗೊರೂರು ಬಸ್ಸಿನ ಬಾಗಿಲಲ್ಲಿ ಜೋತಾಡುವವರಂತೆ ಎಡಮೂಲೆಗೆ ಹೋಗಿ ಒಂದರ ಮೇಲೊಂದು ಬಿದ್ದವು. ಆ ಮೂಲೆಯಲ್ಲಿದ್ದದ್ದು ಈಲಿ ಇದ್ದ ಗುಡ್ಡೆ. ಉಳಿದ ಗುಡ್ಡೆಗಳು ಅನಾಥ.

"ಮಿಷಿನ್ನೇ ಹೇಳೈತೆ. ನನ್ನೆಸ್ರು ಈಲಿ ಮ್ಯಾಲೈತೆ," ಎಂದು ಪಾಪಯ್ಯ ಬಗ್ಗಿದ.

"ನಿನ್ನೆಸ್ರು ಮ್ಯಾಲೆ ನನ್ನೆಸ್ರು ಐತೆ ಕಣ್ಲಾ. ಮ್ಯಾಲಿರೋರ್ಗೆ ಮೊದ್ಲು," ಎಂದು ಲಕ್ಕಮ್ಮ ಬಾಡಿಗೆಂದು ತಂದಿದ್ದ ಅಲ್ಯೂಮಿನಿಯಂ ಬೋಸಿಯಿಂದಲೇ ಆತನ ನೆತ್ತಿಗೆ ಬಾರಿಸಿದಳು.

ಇದು ಫೋನಿಗೆ ಮಾಡಿದ್ದು, ಪರದೆ ದೊಡ್ಡದಾದರೆ ಹೆಸರು ತಾನಾಗಿ ಸರಿಯುವುದಿಲ್ಲ ಎಂದು ಮೋಹನ್‌ಕುಮಾರ್ ಕೂಗಿ ಹೇಳಿದ. ಯಾರೂ ಕೇಳದಾಗ ಟ್ಯಾಬನ್ನು ಉದ್ದುದ್ದ ತಿರುಗಿಸಿದ. ಹೆಸರುಗಳ ಹಿಂಡು ಹಾಗೇ ಜಿಗಿದು ಕುರಿತಲೆ ಇದ್ದ ಗುಡ್ಡೆಯ ಮೇಲೆ ಕೂತಿತು. ಈಲಿಗೆ ಕೈ ಹಾಕಿದವರು ಈಲಿ ಬಿಡಲಿಲ್ಲ, ತಲೆಯೂ ನಮ್ಮದೇ ಎಂದರು. ಯುದ್ಧಕ್ಕೆ ಎರಡನೆಯ ರಣಾಂಗಣ ತೆರೆಯಿತು.

ಮೊದಲ ಬಾಣವಾಗಿ ಹಾರಿದ ಕಾಲುಮೂಳೆ ಹಬ್ಬಕ್ಕೆ ಬಂದಿದ್ದ ಅರಕಲಗೂಡಿನ ಅಳಿಯನೊಬ್ಬನ ಮೂಗಿಗೆ ಅಳಿಯನ ಮರ್ಯಾದೆ ಮಾಡಿತು. ಪಕ್ಕೆಲುಬಿನಿಂದ ಪಕ್ಕೆಲುಬಿಗೇ ಗುದ್ದಿದರು. ಕರುಳು ಕೊರಳಿಗೆ ಹಾರವಾಯಿತು. ಬಿದ್ದ ರಕ್ತ ಕುರಿಯದೋ ಕುಲಬಾಂಧವರದೋ ತಿಳಿಯುವಂತಿರಲಿಲ್ಲ. ಮೋಹನ್‌ಕುಮಾರನ ಒಂದು ಕಣ್ಣು ಆಲೂಗಡ್ಡೆಯಾಯಿತು. ನಂಜಪ್ಪ ಮಾತ್ರ ಕಲ್ಲಿಗೆ ಎದುರಾಗಿ ಕೈಕಟ್ಟಿ, ಎಲ್ಲದಕ್ಕೂ ಬೆನ್ನು ಹಾಕಿ, ಮುಗುಳ್ನಗುತ್ತ ನಿಂತಿದ್ದ. ಅಷ್ಟರಲ್ಲಿ ಪಾಪಯ್ಯ ಲಕ್ಕಮ್ಮನತ್ತ ಬೀಸಿ ಎಸೆದ ಕುರಿತಲೆ ಗುರಿ ತಪ್ಪಿ ಕಲ್ಲಿಗೆ ಬಡಿದು, ಅಲ್ಲಿಂದ ಪುಟಿದು ನಂಜಪ್ಪನ ಬಾಯಿಗೆ ಬಿತ್ತು. ಕುರಿಯ ಎರಡು ಹಲ್ಲಿನ ಜೊತೆ ನಂಜಪ್ಪನವೂ ಎರಡು ಉದುರಿದವು. ನಂಜಪ್ಪ ಆ ತಲೆಯನ್ನೇ ಕೊಂಬು ಹಿಡಿದೆತ್ತಿ ಗದೆಯಂತೆ ತಿರುಗಿಸುತ್ತ ನುಗ್ಗಿದ. ಅವನ ದಾರಿಯಲ್ಲಿ ಪಂಚೆ ಉಳಿದವರು ಕಡಿಮೆ.

ನಿಲ್ಲಿಸಿದ್ದು ಒಂದು ನಾಯಿ. ಯಾರ ಕೈಯಿಂದಲೋ ಜಾರಿದ ಈಲಿಯನ್ನು ಕಚ್ಚಿಕೊಂಡು ಅದು ಕೆರೆ ಏರಿಯ ಕಡೆ ಓಡಿತು. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಮನೆಮನೆಯಿಂದ ಅರೆದಿಟ್ಟ ಖಾರದ ವಾಸನೆ ಬರುತ್ತಿತ್ತು.

ಪಾಪಯ್ಯ ಟವಲಿನಿಂದ ಹಣೆಯ ರಕ್ತ ಒರೆಸಿಕೊಂಡ. "ನಂಜಣ್ಣ, ಓಗಿ ತಿರುಕ್ಕಂಡ್ ಕೂತ್ಕಳಣ್ಣ."

"ನನ್ ಬೆನ್ಗೆ ಕಣ್ಣೈತೆ ಅಂದೋನು ನೀನೇ ಕಣ್ಲಾ."

"ಇದ್ರೆ ಇರ್ಲಿ ಬಿಡು. ಈಲಿ ನಾಯಿ ತಿಂತು. ಇನ್ನೇನ್ ನೋಡೀಯೆ?"

ಇಂಥ ಕ್ಷಮಾಪಣೆ ನಂಜಪ್ಪನಿಗೆ ಹುಟ್ಟಿದಂದಿನಿಂದ ಸಿಕ್ಕಿರಲಿಲ್ಲ. ಕುರಿತಲೆ ಕೆಳಗಿಟ್ಟು, ರಕ್ತ ಉಗುಳಿ, ಕಲ್ಲೇರಿ ಬೆನ್ನು ಹಾಕಿದ. ಮಣ್ಣಾದ ಬಾಡನ್ನು ತೊಳೆದು ಮತ್ತೆ ಗುಡ್ಡೆ ಹಾಕಿದರು. "ಯಾರ್ದು?" "ಲಕ್ಕಮ್ಮುಂದು." "ಯಾರ್ದು?" "ಪಾಪಯ್ಯುಂದು." ಹೆಸರು ಬಂದವರು ಬಂದು ತಂತಮ್ಮ ಗುಡ್ಡೆ ಎತ್ತಿಕೊಂಡರು.

ಜಗಳದಲ್ಲಿ ಹರಿದ ಎಲೆಗಳಿಂದಾಗಿ ಕೊನೆಯ ಗುಡ್ಡೆಗೆ, ಅಂದರೆ ನಂಜಪ್ಪನದಕ್ಕೆ, ಎಲೆ ಸಾಲಲಿಲ್ಲ. ಮರದ ಬುಡದಲ್ಲಿ ಬಿದ್ದಿದ್ದ ಟ್ಯಾಬನ್ನೇ ಎಳೆದು ಅದರ ಮೇಲೆ ಸುರಿದರು. ಬಾಡು ನಾಲ್ಕೂ ಮೂಲೆಯವರೆಗೆ ಹರಡಿಕೊಂಡಿತು, ಒಂದು ಬೆರಳಗಲ ಜಾಗವೂ ಖಾಲಿ ಉಳಿಯಲಿಲ್ಲ. ನಂಜಪ್ಪ ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆದ.

ಸಂಜೆ ಮೋಹನ್‌ಕುಮಾರ್ ಒಂಟಿಗಣ್ಣಿನಲ್ಲಿ ಟ್ಯಾಬ್ ಕೇಳಿಕೊಂಡು ಬಂದ. ನಂಜಪ್ಪ ಜಗುಲಿಯಲ್ಲಿ ಕೂತು, ಅಗಿಯಲಾರದೆ, ಬರೀ ಸಾರು ಕುಡಿಯುತ್ತಿದ್ದ. ಪುಟ್ಟತಾಯಮ್ಮ ಒಳಗಿನಿಂದಲೇ ಹೇಳಿದಳು:

"ಜಿಡ್ಡು ಜಿಡ್ಡಾಗಿತ್ತು ಕಣ್ ಮಗ, ಅಂಗೇ ಕೊಡಕ್ಕಾಯ್ತದಾ? ಉಣಸೆಹಣ್ಣಾಕಿ ಉಜ್ಜಿ, ತೊಳ್ದು, ತಟ್ಟೆ ಜೊತೆ ಬೋರ್ಲಾಕಿವ್ನಿ. ನೀರು ಸೋರ್ಲಿ. ಕೂತ್ಕೊ, ಸಾರು ಕುಡ್ಕಂಡ್ ಓಗೀಯಂತೆ."