ಲೂಶಿಯಸನ ಹಿಂದೆ ಕೂತವಳು

ಬೆಳಕು ಹರಿಯುವ ಮೊದಲೇ ವರ್ಲೀನ್ ಬ್ರಾಸ್‌ವೆಲ್ ಮಾಡಿ ಮುಗಿಸಿದ ಕೆಲಸಗಳು ಇವು: ಗಂಡ ಒದ್ದೆ ಮಾಡಿದ ಹಾಸಿಗೆಯ ಬಟ್ಟೆ ಬಿಚ್ಚಿ ಮಷೀನಿಗೆ ಹಾಕಿದ್ದು. ಜೋಳದ ನುಚ್ಚು ಒಲೆಯ ಮೇಲಿಟ್ಟು ಗಂಟಾಗದಂತೆ ತಿರುವಿದ್ದು. ಮಧ್ಯಾಹ್ನಕ್ಕೆಂದು ಕೋಳಿ ಕರಿದು ಕಾಗದದಲ್ಲಿ ಸುತ್ತಿದ್ದು. ಅವನು ಹಾಡುವಾಗ ಹಾಕುವ ಕೆಂಪು ಅಂಗಿಗೆ ಇಸ್ತ್ರಿ ಹಾಕಿದ್ದು. ಮಾತ್ರೆಗಳನ್ನು ಹೊತ್ತಿಗೊಂದು ಡಬ್ಬಿಯಂತೆ ವಿಂಗಡಿಸಿದ್ದು. ಗಿಟಾರಿಗೆ ಹೊಸ ತಂತಿ ಕಟ್ಟಿದ್ದು, ಯಾಕೆಂದರೆ ಅವನು ಈಗ ಯಾವ ತಂತಿ ಯಾವ ಜಾಗಕ್ಕೆ ಎಂದು ತಡಕಾಡುತ್ತಾನೆ. ಕೊನೆಗೆ ಡ್ರಮ್ಮುಗಳನ್ನು ಒಂದೊಂದಾಗಿ ವ್ಯಾನಿಗೆ ಹೊತ್ತದ್ದು. ಆರೋಗ್ಯವಾಗಿದ್ದಾಗ ಅವನು ಹೊರುತ್ತಿದ್ದ ಎಂದೇನಲ್ಲ. ಮೂವತ್ತೊಂದು ವರ್ಷದಿಂದ ಅವಳೇ ಹೊತ್ತಿದ್ದಾಳೆ.

ಮಿಸಿಸಿಪ್ಪಿಯ ಉತ್ತರದ ಈ ಗುಡ್ಡಗಳಲ್ಲಿ ಬ್ರಾಸ್‌ವೆಲ್ ಬ್ಯಾಂಡ್ ಎಂದರೆ ಮೂರೇ ಜನ. ಲೂಶಿಯಸ್ ಗಿಟಾರು ಹಿಡಿದು ಹಾಡುತ್ತಾನೆ. ಅವನ ತಮ್ಮ ಡೆವಿಟ್ ಬೇಸ್ ಗಿಟಾರು ನುಡಿಸುತ್ತಾನೆ, ಎಲ್ಲಿ ಯಾವಾಗ ಹಾಡಬೇಕೆಂದು ಗೊತ್ತು ಮಾಡುವವನೂ ಅವನೇ. ವರ್ಲೀನ್ ಗಂಡನ ಬೆನ್ನ ಹಿಂದೆ ಕೂತು ಡ್ರಮ್ಮು ಬಾರಿಸುತ್ತಾಳೆ. ಅವರ ಬ್ಲೂಸ್ ಹಾಡನ್ನು ಕೂತು ಕೇಳಿದವರನ್ನು ಯಾರೂ ಕಂಡಿಲ್ಲ. ಊರುಗೋಲು ಹಿಡಿದು ಬಂದವರು ಅದನ್ನು ಬೇಲಿಗೆ ಒರಗಿಸಿ ಕುಣಿಯುತ್ತಾರೆ. ಭಾನುವಾರ ಚರ್ಚಿನಲ್ಲಿ ಬ್ಲೂಸ್ ಸೈತಾನನ ಹಾಡು ಎನ್ನುವ ಹೆಂಗಸರು ಶನಿವಾರ ಮುಂದಿನ ಸಾಲಿನಲ್ಲೇ ಬೆವರುತ್ತಿರುತ್ತಾರೆ.

ನದಿ ಬಯಲಿನ ಕಡೆಯವರು ತಾಳ ಎಣಿಸಿ ಹಾಡುತ್ತಾರೆ. ಗುಡ್ಡದವರಿಗೆ ಎಣಿಕೆ ಇಲ್ಲ. ಹಾಡುವವನಿಗೆ ಮನಸ್ಸು ಬಂದಾಗ ಹಾಡು ಮುಂದಿನ ಸಾಲಿಗೆ ತಿರುಗುತ್ತದೆ, ಬಾರದಿದ್ದರೆ ಒಂದೇ ಸಾಲು ಕಾಲು ಗಂಟೆ ಸುತ್ತುತ್ತದೆ. ಜನ ಬರುವುದೇ ಆ ಸುತ್ತಿಗಾಗಿ. ಡ್ರಮ್ಮಿನವಳು ಹಾಡುವವನ ಭುಜ ನೋಡುತ್ತಿರಬೇಕು. ಭುಜ ವಾಲಿದ ಕಡೆಗೆ ಅವಳ ಕೋಲೂ ವಾಲಬೇಕು. ಹಸಿವೆ, ಕೋಪ, ಜ್ವರ ಎಲ್ಲವನ್ನೂ ಆ ಭುಜದಲ್ಲೇ ಓದಿಕೊಂಡು ಮನೆ ನಡೆಸಿದ ವರ್ಲೀನಳಿಗೆ ಇದು ಕಷ್ಟವೆನಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಅವನು ಒಂದೇ ಚರಣವನ್ನು ಒಂಬತ್ತು ಸಲ ಹಾಡಿದ. ಜನರನ್ನು ಸತಾಯಿಸುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಅವನು ತಿರುಗಿ ನೋಡಿದ. ಅಡುಗೆಮನೆಗೆ ಬಂದು ಯಾಕೆ ಬಂದೆನೆಂದು ಮರೆತವನ ಮುಖ ಅದು. ಅವಳು ಜೋರಾಗಿ ಮೂರು ಪೆಟ್ಟು ಕೊಟ್ಟು ಹಾಡು ಮುಗಿಸಿದಳು. ಜನ ಚಪ್ಪಾಳೆ ನಿಲ್ಲಿಸಲೇ ಇಲ್ಲ. ಲೂಶಿಯಸ್ ಈ ವಯಸ್ಸಿನಲ್ಲಿ ಇನ್ನೂ ಹುಚ್ಚನಾಗಿದ್ದಾನೆ ಎಂದು ಕೊಂಡಾಡಿದರು.

ಮಾರ್ಚಿನಲ್ಲಿ ಮೆಂಫಿಸಿನ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಮನೆಗೆ ಬರುವ ದಾರಿಯಲ್ಲಿ ಲೂಶಿಯಸ್ ಕಿಟಕಿಯ ಆಚೆ ನೋಡುತ್ತ, “ಯಾರಿಗೂ ಹೇಳ್ಬೇಡ ಕಣೆ. ಕೈ ಆಡೋವರೆಗೂ ಆಡ್ಲಿ” ಎಂದ. ಅವಳು ಆಯಿತೆಂದಳು. ಅವನಿಗಾಗಿ ಮಾತ್ರ ಆಯಿತೆಂದಳು ಎಂದರೆ ಸುಳ್ಳಾಗುತ್ತದೆ. ತೊಳೆದ ಪಾತ್ರೆ, ಮಡಿಸಿದ ಬಟ್ಟೆಗೆ ಯಾರೂ ಕೇಕೆ ಹಾಕುವುದಿಲ್ಲ. ಅವಳ ಕೈಕೆಲಸಕ್ಕೆ ಜನರ ಕಾಲು ಕುಣಿಯುತ್ತಿದ್ದದ್ದು ಡ್ರಮ್ಮಿನ ಹಿಂದಿನ ಸ್ಟೂಲಿನ ಮೇಲೆ ಕೂತಾಗ ಮಾತ್ರ. ಗಂಡನ ಹಾಡು ನಿಂತರೆ ಅದೂ ನಿಲ್ಲುತ್ತದೆ.

ಈ ಶನಿವಾರ ಊರ ಹೊರಗಿನ ಬಯಲಿನಲ್ಲಿ ಆಗಸ್ಟಿನ ಪಿಕ್ನಿಕ್ಕು, ಊರಿಗೆ ಊರೇ ಉಂಡು ಕುಣಿಯುವ ಹಬ್ಬ. ವ್ಯಾನಿನಿಂದ ಡ್ರಮ್ಮು ಇಳಿಸುವಾಗ ಮೀನು ಕರಿಯುತ್ತಿದ್ದ ನೆರೆಮನೆಯ ಆರ್ಜೆಲ್ಲಾ ಅಲ್ಲಿಂದಲೇ ಕೂಗಿದಳು.

“ಏನೇ ವರ್ಲೀನ್, ನಿನ್ ಗಂಡ ಬರ್ತಾ ಬರ್ತಾ ಹುಡುಗ ಆಗ್ತಿದಾನೆ. ಹೋದ್ಸಲ ಒಂದೇ ಸಾಲು ಹಿಡ್ಕೊಂಡು ನನ್ ಮಂಡಿ ಕಳಚಿಬಿಟ್ಟ.”

“ನಿನ್ನ ಯಾರಕ್ಕಾ ಕುಣಿ ಅಂದಿದ್ದು?”

“ಅವನಿಗೆ ಏನ್ ತಿನ್ನಿಸ್ತೀಯ, ಅದ್ ಹೇಳು. ನಮ್ಮನೆ ಮುದುಕನಿಗೂ ಹಾಕ್ತೀನಿ. ಅವನು ಎದ್ದು ನೀರೂ ತಗೊಳಲ್ಲ.”

ವರ್ಲೀನ್ ನಕ್ಕಳು. ದೊಡ್ಡ ಡ್ರಮ್ಮನ್ನು ಎದೆಗವಚಿಕೊಂಡು ವೇದಿಕೆಯ ಕಡೆ ನಡೆದಳು.

ಡೆವಿಟ್ ಬೆವರೊರೆಸಿಕೊಳ್ಳುತ್ತ ಬಂದ. “ಅತ್ತಿಗೆ, ಆ ಹಸಿರು ಟೋಪಿಯವನು ಕಾಣ್ತಾನಾ? ಅವನೇ. ಐದು ವಾರ, ಹದಿನಾಲ್ಕು ಊರಲ್ಲಿ ನಮ್ಮನ್ನ ಹಾಡಿಸ್ತಾನಂತೆ. ಇವತ್ತು ಹಾಡು ಕೇಳಿ, ಸಂಜೆಗೆ ನಾವು ಹೂಂ ಅಂದ್ರೆ ಮುಗೀತು.”

“ಐದು ವಾರ ನಿಮ್ಮಣ್ಣನ ಬಟ್ಟೆಬರೆ, ಊಟ, ನಿದ್ದೆ ಯಾರು ನೋಡ್ತಾರೆ?”

“ಅದೇನು ದೊಡ್ ವಿಷಯ? ನೀನಿರ್ತೀಯಲ್ಲ.”

“ಡೆವಿಟ್, ನಿಮ್ಮಣ್ಣ ಮೊದಲಿನ ಹಾಗಿಲ್ಲ.”

“ಮೊದ್ಲಿಗಿಂತ ಚೆನ್ನಾಗಿದಾನೆ. ಊರೆಲ್ಲ ಅದನ್ನೇ ಹೇಳ್ತಿದೆ. ನೀನೊಬ್ಳು, ಹಬ್ಬದ ದಿನಾನೂ ಮುಖ ಗಂಟು ಹಾಕ್ಕೊಂಡಿರ್ತೀಯ.”

ಅವರು ಶುರು ಮಾಡಿದಾಗ ಬಿಸಿಲು ನೆತ್ತಿಯಿಂದ ಸ್ವಲ್ಪ ಜಾರಿತ್ತು. ಎರಡನೆಯ ಹಾಡಿಗೆ ಧೂಳೆದ್ದಿತು. ಲೂಶಿಯಸನ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಗಿಟಾರು ಗುರುಗುಟ್ಟಿತು, ಕಿರುಚಿತು. ಅವನು ಒಂದು ಕಾಲು ನೆಲಕ್ಕೆ ಬಡಿದು “ತೊರೆ ದಾಟಿ ಬಾ ಹೆಣ್ಣೇ” ಎಂದರೆ ಮುನ್ನೂರು ಜನ “ದಾಟಿ ಬಂದೆ” ಎನ್ನುತ್ತಿದ್ದರು. ಆರ್ಜೆಲ್ಲಾ ಬಾಣಲೆ ಬಿಟ್ಟು ಬಂದಿದ್ದಳು. ಹಸಿರು ಟೋಪಿಯವನು ಟೋಪಿ ತೆಗೆದು ಬೀಸುತ್ತಿದ್ದ. ತೊರೆ ದಾಟಿ ಬಾ ಹೆಣ್ಣೇ, ತೊರೆ ದಾಟಿ ಬಾ. ಹತ್ತು ನಿಮಿಷ. ಇಪ್ಪತ್ತು. ವರ್ಲೀನ್ ಮೂರು ಪೆಟ್ಟು ಕೊಟ್ಟಳು. ಮುಗಿಸೆಂಬ ಆ ಸೂಚನೆಯನ್ನು ಅವನು ಹಿಡಿಯಲಿಲ್ಲ. ಇನ್ನೊಮ್ಮೆ ಕೊಟ್ಟಳು. ಅವನಿಗೆ ಅದು ಕೇಳಿಸಲೂ ಇಲ್ಲ. ಬೆವರಿನಿಂದ ಅವನ ಅಂಗಿ ಬೆನ್ನಿಗಂಟಿತ್ತು. ಜನ ಇನ್ನೂ, ಇನ್ನೂ ಎನ್ನುತ್ತಿದ್ದರು.

ಆಗ ಅವನು ನುಡಿಸುತ್ತಲೇ ಅವಳ ಕಡೆ ತಿರುಗಿ ಬಾಗಿದ. ಮುಖದಲ್ಲಿ ಸಜ್ಜನಿಕೆಯ ನಗು. ಚರ್ಚಿನ ಬಾಗಿಲಲ್ಲಿ ಹೊಸಬರು ಕಂಡರೆ ಇಲ್ಲಿಯವರು ಕೇಳುವ ಮೊದಲ ಪ್ರಶ್ನೆಯನ್ನೇ ಕೇಳಿದ.

“ಚೆನ್ನಾಗಿ ಬಾರಿಸ್ತೀರಿ. ನಿಮ್ಮೋರು ಯಾರಮ್ಮ?”

ಮುದುಕ ಹೆಂಡತಿಯ ಹತ್ತಿರ ಸರಸವಾಡುತ್ತಿದ್ದಾನೆ ಎಂದುಕೊಂಡು ಜನ ಶಿಳ್ಳೆ ಹಾಕಿದರು.

ಅವಳ ಕೈಗಳು ಇನ್ನೂ ಒಂದೆರಡು ಸುತ್ತು ತಾವಾಗಿ ಬಾರಿಸಿದವು. ಆಮೇಲೆ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಹಾಡಿನ ನಡುವೆ ಎಂದೂ ಹಾಗೆ ಮಾಡಿದವಳಲ್ಲ. ಗಿಟಾರು ಒಂಟಿಯಾಗಿ ಸ್ವಲ್ಪ ದೂರ ಹೋಗಿ ನಿಂತಿತು. ಇದೂ ಒಂದು ಆಟವೆಂದು ಜನ ಕೇಕೆ ಹಾಕುತ್ತ ಕಾದರು. ಅವಳು ಎದ್ದು ಗಂಡನ ಹೆಗಲಿನಿಂದ ಗಿಟಾರಿನ ಪಟ್ಟಿ ತೆಗೆದು, ಕೈ ಹಿಡಿದು ಹಿಂಬದಿಯ ಮೆಟ್ಟಿಲಿಳಿಸಿದಳು. ಡೆವಿಟ್ ಹಿಂದೆಯೇ ಓಡಿ ಬಂದ.

“ಏನ್ ಮಾಡ್ತಿದ್ದೀಯ ಅತ್ತಿಗೆ? ಟೋಪಿಯವನು ನೋಡ್ತಿದಾನೆ.”

“ನೋಡ್ಲಿ. ನಿಮ್ಮಣ್ಣನಿಗೆ ಮರೆವಿನ ಕಾಯಿಲೆ. ಡಾಕ್ಟರು ಹೇಳಿ ಐದು ತಿಂಗಳಾಯ್ತು. ನೀವೆಲ್ಲ ಕುಣೀತಿದ್ರಿ, ನಾನು ಮುಚ್ಚಿಡ್ತಿದ್ದೆ.”

ಡೆವಿಟ್ ಅಣ್ಣನನ್ನು ನೋಡಿದ. ಲೂಶಿಯಸ್ ತನ್ನ ಅಂಗಿಯ ಗುಂಡಿಯೊಂದನ್ನು ಬಿಚ್ಚುತ್ತ ಹಾಕುತ್ತ ಇದ್ದ.

“ನನಗ್ಯಾಕೆ ಹೇಳ್ಲಿಲ್ಲ?”

“ನೀನ್ಯಾಕೆ ನೋಡ್ಲಿಲ್ಲ?”

ಡೆವಿಟ್ ಟೋಪಿಯವನಿದ್ದ ಕಡೆ ತಿರುಗಿದ. “ಊರೂರು ತಿರುಗೋದು…” ಎಂದ.

“ಇಲ್ಲ. ಹೋಗಿ ಟೋಪಿಯವನಿಗೆ ಹೇಳು.”

ಬಯಲಿನಲ್ಲಿ ಜನ ಕಾಲು ಬಡಿಯುತ್ತಿದ್ದರು. ಡೆವಿಟ್ ಏನೂ ಯೋಚಿಸದೆ ಜೇಬಿನಿಂದ ವ್ಯಾನಿನ ಕೀಲಿ ತೆಗೆದು ಅವಳ ಮುಂದೆ ಹಿಡಿದ. ಅಣ್ಣನನ್ನು ಮನೆಗೆ ಕರೆದೊಯ್ಯುವವಳು ಅವಳೇ ಎಂಬುದು ಅವನಿಗೆ ಸೂರ್ಯ ಮುಳುಗುವಷ್ಟೇ ಸಹಜವಾಗಿತ್ತು.

ವರ್ಲೀನ್ ಕೀಲಿಯನ್ನು ನೋಡಿದಳು. ಮನೆಯಲ್ಲಿ ಮಷೀನಿನೊಳಗೆ ಒಗೆದ ಬಟ್ಟೆ ಹಾಗೇ ಇತ್ತು. ಇವತ್ತು ಇಲ್ಲಿಂದ ಹೊರಟರೆ ಮತ್ತೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೋದರೆ ಊರು ಹೊಗಳುತ್ತದೆ. ಹೋಗದಿದ್ದರೆ ಏನೆನ್ನುತ್ತದೆಂದೂ ಗೊತ್ತಿತ್ತು. ಬರೀ ಡ್ರಮ್ಮಿಗೆ ಕುಣಿಯುವುದು ಈ ಗುಡ್ಡದ ಕಾಲುಗಳಿಗೆ ಹೊಸದಲ್ಲ. ಅವಳ ಅಜ್ಜ ಒಂದೇ ಡೋಲಿನಿಂದ ಇಡೀ ಮಧ್ಯಾಹ್ನ ಕುಣಿಸಿದ್ದ. ಆದರೆ ಕಾಯಿಲೆಯ ಗಂಡನನ್ನು ಕೆಳಗೆ ಬಿಟ್ಟು ಬಾರಿಸಿದ ಹೆಂಗಸು ಇಲ್ಲಿ ಇರಲಿಲ್ಲ.

ಅವಳು ಲೂಶಿಯಸನ ಕೈಯನ್ನು ಡೆವಿಟ್‌ನ ಕೈಯಲ್ಲಿಟ್ಟಳು.

“ಬಿಳಿ ಡಬ್ಬಿ ಮಾತ್ರೆ ಈಗ ಕೊಡು, ಗಂಟಲಲ್ಲಿ ಸಿಕ್ಕೊಳ್ಳುತ್ತೆ, ನೀರು ಜಾಸ್ತಿ ಕುಡಿಸು. ಬಾತ್‌ರೂಮಿಗೆ ನೀನೇ ಕರ್ಕೊಂಡು ಹೋಗು, ಅವನಾಗಿ ಕೇಳಲ್ಲ. ಗುಂಡಿ ಹಾಕೋಕೆ ಹೋಗ್ಬೇಡ, ಸಿಟ್ಟಾಗ್ತಾನೆ.”

“ನಾನಾ?”

“ನಿನ್ನ ಅಣ್ಣ ಅಲ್ವಾ?”

ಅವಳು ಮೆಟ್ಟಿಲು ಹತ್ತಿ ಸ್ಟೂಲಿನ ಮೇಲೆ ಕೂತಳು. ಮುಂದೆ ಯಾರ ಬೆನ್ನೂ ಇರಲಿಲ್ಲ. ಮುನ್ನೂರು ಮುಖಗಳು ನೇರವಾಗಿ ಕಾಣುತ್ತಿದ್ದವು. ಕೆಳಗಿನಿಂದ ಲೂಶಿಯಸನ ದನಿ, ಯಾರನ್ನೋ ಕೇಳುತ್ತಿತ್ತು: “ನನ್ನ ಯಾರಾದ್ರೂ ಮನೆಗೆ ಬಿಡ್ತೀರಾ?”

ಅವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಕೋಲು ಎತ್ತಿ ಬಾರಿಸತೊಡಗಿದಳು.