ಐಲಿ ಹೇಳದೆ ಉಳಿಸಿಕೊಂಡದ್ದು

ಐಲಿ ಕಾಂಗಸ್ ಕೆನಡಾದ ಥಂಡರ್ ಬೇ ಊರಿನಾಚೆಯ ಕಾಡಿನಲ್ಲಿ, ಮರ ಕಡಿಯುವವರ ಕ್ಯಾಂಪಿನಲ್ಲಿ ಹತ್ತೊಂಬತ್ತು ವರ್ಷ ಅಡುಗೆ ಮಾಡಿದವಳು. ಅರವತ್ತು ಗಂಡಸರಲ್ಲಿ ಯಾರ ಕಾಫಿಗೆ ಸಕ್ಕರೆ ಬೇಡ, ಯಾರ ಹೊಟ್ಟೆಗೆ ಬಟಾಣಿ ಸಾರು ಒಗ್ಗದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅಂಥವಳು ಎಪ್ಪತ್ತೇಳನೆಯ ವಯಸ್ಸಿನಲ್ಲಿ ಒಲೆಯ ಮೇಲೆ ಹಾಲಿಟ್ಟು ಮರೆತಳು. ಒಂದು ಸಲವಲ್ಲ, ಮೂರು ಸಲ.

ಆ ವರ್ಷ ಮಾರ್ಚ್‌ನಲ್ಲಿ ಅಕ್ಕ ಹೆಲ್ಮಿ ತೀರಿಕೊಂಡಿದ್ದಳು. ಗಂಡ ಸತ್ತ ಮೇಲೆ ಹೆಲ್ಮಿ ತಂಗಿಯ ಬಾಡಿಗೆ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಶನಿವಾರಗಳಲ್ಲಿ ಇಬ್ಬರೂ ಸೌನಾ ಎಂಬ ಬಿಸಿ ಹಬೆಯ ಕೋಣೆಯಲ್ಲಿ ಬೆವರುತ್ತ ಕೂತು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಅಕ್ಕ ಹೋದ ಮೇಲೆ ಐಲಿ ಸೌನಾದ ಬಾಗಿಲು ತೆರೆಯಲಿಲ್ಲ. ಫೋನ್ ಎತ್ತಲಿಲ್ಲ. ಏಲಕ್ಕಿ ಬ್ರೆಡ್ಡಿಗೆ ಉಪ್ಪು ಹಾಕಲು ಮರೆತು, ಕೊನೆಗೆ ಬ್ರೆಡ್ ಮಾಡುವುದನ್ನೇ ಬಿಟ್ಟಳು.

ಹೆಲ್ಮಿಯ ಮಗಳು ಸಿರ್ಕಾ ಹೆದರಿ ಡಾಕ್ಟರ ಬಳಿ ಕರೆದೊಯ್ದಳು. ಇವತ್ತು ಯಾವ ತಾರೀಕು? ಹೇಳಿದ ಐದು ಪದ ಯಾವುವು? ಗಡಿಯಾರದ ಚಿತ್ರ ಬಿಡಿಸ್ತೀರಾ?

"ಗೊತ್ತಿಲ್ಲ," ಎಂದಳು ಐಲಿ, ಎಲ್ಲದಕ್ಕೂ.

ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು: ಮರೆವಿನ ಕಾಯಿಲೆ. ತಿಂಗಳೊಳಗೆ ಬಾಡಿಗೆ ಮನೆ ಬಿಟ್ಟುಕೊಟ್ಟು, ಸಾಮಾನು ಹಂಚಿ, ಸಿರ್ಕಾ ಅವಳನ್ನು ವೃದ್ಧರ ಆರೈಕೆ ಮನೆಯಲ್ಲಿ ಮರೆವಿನವರಿಗೆಂದಿದ್ದ ಎರಡನೇ ಮಹಡಿಗೆ ಸೇರಿಸಿದಳು. ಅಲ್ಲಿನ ಬಾಗಿಲು ಸಂಖ್ಯೆ ಒತ್ತದೆ ತೆರೆಯದು. ಐಲಿ ಎದುರಾಡಲಿಲ್ಲ. ಎಲ್ಲಿದ್ದರೇನು ಎಂಬಂತಿದ್ದಳು.

"ಬಾ ಬಂಗಾರಿ, ಆ ಮಾಡು," ಎಂದು ಆಯಾ ಚಮಚ ಹಿಡಿದರೆ, ಮೊದಮೊದಲು, "ನಾನೇನು ತೊಟ್ಟಿಲ ಕೂಸಾ?" ಎಂದು ಸಿಡುಕುತ್ತಿದ್ದಳು. ಆಮೇಲೆ ಅದೂ ನಿಂತಿತು. ಚಳಿಗಾಲದ ನಡುವಿಗೆ ಹನ್ನೊಂದು ಕಿಲೋ ಇಳಿದಳು. ಮುಖ ಗೋಡೆಗೆ ಮಾಡಿ ಮಲಗುವುದೊಂದೇ ಕೆಲಸ.

ಫೆಬ್ರವರಿಯಲ್ಲಿ ನೋರಾ ವಬಾಸ್ ಎಂಬ ಮನಶ್ಶಾಸ್ತ್ರಜ್ಞೆ ಬಂದಳು. ವೃದ್ಧರನ್ನೇ ನೋಡುವವಳು, ಆ ಇಡೀ ಸೀಮೆಗೆ ಅವಳೊಬ್ಬಳೇ. ಐಲಿಯ ಸರದಿ ಬರಲು ಐದು ತಿಂಗಳು ಹಿಡಿದಿತ್ತು. ಅವಳೂ ಅದೇ ಪ್ರಶ್ನೆ ಕೇಳಿದಳು, ಅದೇ ಉತ್ತರ ಬಂತು. ನೋರಾ ಕಾಗದ ಮಡಚಿಟ್ಟಳು.

"ಐಲಮ್ಮ, ಮರೆವಿನ ಕಾಯಿಲೆಯವರು ಎಷ್ಟೋ ಜನ ತಪ್ಪೋ ಸರಿಯೋ ಏನಾದ್ರೊಂದು ಹೇಳ್ತಾರೆ. ನೀವು ಪ್ರಯತ್ನಾನೇ ಮಾಡ್ತಿಲ್ಲ. ಕ್ಯಾಂಪಲ್ಲಿ ಅಡುಗೆ ಮಾಡ್ತಿದ್ರಿ ಅಂತ ಸಿರ್ಕಾ ಹೇಳಿದ್ರು. ಅರವತ್ತು ಜನಕ್ಕೆ ದಿನಕ್ಕೆ ಎಷ್ಟು ಬ್ರೆಡ್ ಬೇಯಿಸ್ತಿದ್ರಿ?"

"ನಲವತ್ತೆರಡು. ಭಾನುವಾರ ಐವತ್ತು." ಉತ್ತರ ತಾನಾಗಿ ಬಾಯಿಗೆ ಬಂತು.

ನೋರಾ ಕುರ್ಚಿ ಹತ್ತಿರಕ್ಕೆಳೆದಳು. "ಸತ್ತು ಹೋಗ್ಬೇಕು ಅನ್ಸುತ್ತಾ?"

ಇಷ್ಟು ದಿನ ಯಾರೂ ಕೇಳದ ಮಾತು. ಐಲಿ ಮೊದಲ ಸಲ ನೋರಾಳ ಮುಖ ನೋಡಿದಳು. "ದಿನಾ ಅನ್ಸುತ್ತೆ," ಎಂದಳು. ತಡೆದಿಟ್ಟದ್ದು ಒಡೆದುಕೊಂಡು ಬಂತು. ಸಾಯುವ ದಿನ ಬೆಳಿಗ್ಗೆ ಹೆಲ್ಮಿ ಎದೆ ಹಿಸುಕಿದ ಹಾಗಾಗ್ತಿದೆ ಎಂದಿದ್ದಳು. "ನಿಂದು ಯಾವಾಗ್ಲೂ ಇದ್ದದ್ದೇ, ಸುಮ್ನೆ ಕಾಫಿ ಕುಡಿ ಅಂದೆ. ಮಧ್ಯಾಹ್ನಕ್ಕೆ ಇರ್ಲಿಲ್ಲ. ನಾನೇ ಕೊಂದೆ ಕಣಮ್ಮ."

ನೋರಾ "ಹಾಗೇನಿಲ್ಲ" ಎಂದು ಬಾಯಿ ಮುಚ್ಚಿಸಲಿಲ್ಲ. ಅಳು ಮುಗಿಯುವವರೆಗೆ ಕೂತಿದ್ದಳು. ಅಂದಿನಿಂದ ಡಾಕ್ಟರ ಕಡೆಯಿಂದ ಖಿನ್ನತೆಗೆ ಮಾತ್ರೆ ಶುರುವಾಯಿತು, ಆಯಾಗಳು ಗಂಟೆಗೊಮ್ಮೆ ಬಂದು ನೋಡಿ ಹೋಗುವಂತಾಯಿತು. ಗುರುವಾರ ಗುರುವಾರ ನೋರಾ ಬಂದು ಮಾತಾಡುವಳು, ಜಗ್ಗಿ ಎಬ್ಬಿಸಿ ನಡೆಸುವಳು. ಮೇ ತಿಂಗಳಿಗೆ ಐಲಿ ಐದಕ್ಕೆ ಐದೂ ಪದ ಹೇಳಿದಳು. ಗಡಿಯಾರ ಬಿಡಿಸಿದಳು.

ನೆನಪು ಮರಳಿತು ನಿಜ. ಮರಳಿ ಹೋಗಲು ಮನೆಯಿರಲಿಲ್ಲ. ಹೆಲ್ಮಿಯ ಉಣ್ಣೆಯ ಶಾಲು ಯಾರ ಪಾಲಾಯಿತೋ ಸಿರ್ಕಾಗೂ ತಿಳಿಯದು. ವೃದ್ಧರಿಗೆಂದಿದ್ದ ಸಣ್ಣ ಮನೆಗಳಿಗೆ ಒಂದೂವರೆ ವರ್ಷದ ಸರದಿ. ಎರಡನೇ ಮಹಡಿಯಲ್ಲಿ ಎಲ್ಲವೂ ನೆಟ್ಟಗೆ ನೆನಪಿದ್ದವಳು ಈಗ ಐಲಿ ಒಬ್ಬಳೇ. ತಿಳಿಯದೆ ಬಿದ್ದಿದ್ದಾಗ ಇಷ್ಟು ಸಂಕಟವಿರಲಿಲ್ಲ.

"ಡಾಕ್ಟ್ರು ಹೇಳಿದ್ದನ್ನ ನಾನು ನಂಬಿದೆ ಚಿಕ್ಕಮ್ಮ," ಎಂದು ಸಿರ್ಕಾ ಅತ್ತಳು. "ನನ್ನ ಮೇಲೆ ಸಿಟ್ಟಾ?"

"ಸಿಟ್ಟು ಮಾಡೋಕೆ ನಂಗೇನು ಹಕ್ಕಿದೆ?" ಎಂದ ಐಲಿ, ನೋರಾಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿಬಿಟ್ಟಳು.

ಸಿರ್ಕಾ ಕೈಚೀಲ ಎತ್ತಿಕೊಂಡು ಎದ್ದುಹೋದಳು. ನಾಲ್ಕು ಭಾನುವಾರ ಬರಲಿಲ್ಲ. ಐಲಿ ಮತ್ತೆ ಗೋಡೆಗೆ ತಿರುಗಿದಳು. ನೋರಾ ಆ ವಾರಗಳಲ್ಲಿ ಎರಡೆರಡು ಸಲ ಬರಬೇಕಾಯಿತು.

ಐದನೆಯ ಭಾನುವಾರ ಸಿರ್ಕಾ ಬಂದಳು. ಹೆಗಲಿನ ಕೈಚೀಲ ಇಳಿಸದೆ ಮಂಚದ ತುದಿಯಲ್ಲಿ ಕೂತಳು.

"ಆಮೇಲೆ ಅಮ್ಮ ಏನಂದ್ಳು?"

"ಅರ್ಧ ಲೋಟ ಕಾಫಿ ಕುಡಿದ್ಳು. ಚಳಿ ಆಗುತ್ತೆ ಅಂದ್ಳು. ಹೊದಿಸ್ದೆ. ನನ್ನ ಕೈ ಹಿಡ್ಕೊಂಡು ಮಲಗಿದ್ಳು."

ಸಿರ್ಕಾ ಕೈಚೀಲ ಸರಿಮಾಡಿಕೊಂಡು ಎದ್ದಳು. ಹೋಗುವಾಗ ಚಿಕ್ಕಮ್ಮನ ಮೈಮುಟ್ಟಲಿಲ್ಲ. ಮುಂದಿನ ವಾರ ಬರುತ್ತೇನೆಂದೂ ಹೇಳಲಿಲ್ಲ. ಕೇಳುವ ಧೈರ್ಯ ಐಲಿಗಿರಲಿಲ್ಲ.